ಪಾಠ ಮುಗಿದ ಮೇಲೆ ಆಡಿ

ಹೋದ ತಿಂಗಳು ಗೆಳತಿಯೊಬ್ಬಳು ತನ್ನ ಮನೆಯ ಅಟ್ಟದಿಂದ ಹಳೆಯ ಶ್ರುತಿಪೆಟ್ಟಿಗೆಯೊಂದನ್ನು ಇಳಿಸಿ ನನ್ನ ಮುಂದಿಟ್ಟಳು. ಸುತ್ತಿದ್ದ ಬಟ್ಟೆ ಬಿಚ್ಚಿದ್ದೇ ತಡ, ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಪೆಟ್ಟಿಗೆ ಹಾಳಾಗಿತ್ತು, ತಿದಿ ಎಳೆದರೆ ಬರೀ ಉಸಿರು. ಇದನ್ನು ಏನು ಮಾಡಲಿ ಎಂದು ಅವಳು ಕೇಳುತ್ತಲೇ ಇದ್ದಳು. ನಾನಾಗಲೇ ಕ್ಯಾತನಹಳ್ಳಿಯ ನಮ್ಮ ತೊಟ್ಟಿಮನೆಯ ಪಡಸಾಲೆಯಲ್ಲಿ, ಚಾಪೆಯ ಮೇಲೆ, ಚಕ್ಕಳಮಕ್ಕಳ ಹಾಕಿಕೊಂಡು ಕೂತುಬಿಟ್ಟಿದ್ದೆ. ವಾಸನೆಗಳಿಗೆ ಮರ್ಯಾದೆಯಿಲ್ಲ, ಹೇಳದೆ ಕೇಳದೆ ಎಳೆದುಕೊಂಡು ಹೋಗುತ್ತವೆ. ನಿಮಗೂ ಹಾಗೆ ಆಗಿರುತ್ತದೆ, ವಾಸನೆ ಬೇರೆ ಇರಬಹುದು ಅಷ್ಟೆ.

ತೊಂಬತ್ತರ ದಶಕದ ಮೊದಲ ವರ್ಷಗಳವು. ಶ್ರೀರಂಗಪಟ್ಟಣದಲ್ಲಿ ಸಂಗೀತದ ಹುಚ್ಚಿನ ನಾಲ್ಕಾರು ಮಂದಿ ಸೇರಿ ಒಂದು ಕೂಟ ಕಟ್ಟಿಕೊಂಡಿದ್ದರು. ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆಯ ಊರುಗಳಿಗೆ ಭಾನುವಾರ ಹೋಗಿ, ಬಂದವರಿಗೆಲ್ಲ ಸಂಗೀತ ಹೇಳಿಕೊಡುವುದು ಅವರ ಕೆಲಸ. ನಮ್ಮೂರಿನ ಪಾಠ ನಮ್ಮ ಮನೆಯಲ್ಲೇ ನಡೆಯುತ್ತಿತ್ತು, ಏಕೆಂದರೆ ನಮ್ಮ ಪಡಸಾಲೆ ದೊಡ್ಡದು ಮತ್ತು ನಮ್ಮ ತಾತನಿಗೆ ಯಾರಿಗೂ ಇಲ್ಲ ಎನ್ನಲು ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಪಾಠಕ್ಕೆ ರಜೆ. ನಾಲೆಗೆ ನೀರು ಬಿಟ್ಟು, ಶಾಲೆ ಶುರುವಾಗಿ, ಗದ್ದೆ ಬಯಲೆಲ್ಲ ಹಸಿಮಣ್ಣಿನ ವಾಸನೆ ಹಿಡಿದ ಮೇಲೆ ಹೊಸ ವರ್ಷದ ಪಾಠ. ಅಟ್ಟದಿಂದ ನುಸಿಗುಳಿಗೆಯ ವಾಸನೆ ಹೊತ್ತ ಶ್ರುತಿಪೆಟ್ಟಿಗೆ ಇಳಿಯುತ್ತಿತ್ತು, ಅಜ್ಜಿ ಪಡಸಾಲೆಯನ್ನು ಸಾರಿಸುತ್ತಿದ್ದಳು. ಕಬ್ಬಿನ ಸೀಮೆಯವರಾದ ನಾವು ಹೊಸದಾಗಿ ಸೇರಿದವರನ್ನು ಹೊಸ ನಾಟಿಯ ಬೆಳೆಯ ಹಾಗೆ ತನಿ ಎಂದೂ, ಕಡಿದ ಬುಡದಿಂದಲೇ ಮತ್ತೆ ಚಿಗುರುವ ಬೆಳೆಯ ಹಾಗೆ ಎರಡನೆಯ ವರ್ಷಕ್ಕೆ ಬಂದವರನ್ನು ಕೂಳೆ ಎಂದೂ ಕರೆಯುತ್ತಿದ್ದೆವು. ಆ ವರ್ಷ ನಾನು ಕೂಳೆ. ಅದರ ಜಂಬ ನನಗೆ ಸಾಕಷ್ಟಿತ್ತು.

ನಮ್ಮ ಮೇಷ್ಟ್ರು ಶ್ರೀರಂಗಪಟ್ಟಣದಿಂದ ಬಸ್ಸು ಬದಲಿಸಿ ಬರುತ್ತಿದ್ದರು. ಮೈಸೂರಿನ ಅಗ್ರಹಾರದಲ್ಲಿ ಬೆಳೆದವರು, ತೆಳ್ಳಗೆ, ಇಸ್ತ್ರಿ ಮಾಡಿದ ಪಂಚೆ. ತಾಳ ತಪ್ಪಿದರೆ ನಗುತ್ತಿದ್ದರು, ಶ್ರುತಿ ತಪ್ಪಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವರನ್ನು ನಿಜಕ್ಕೂ ಗೋಳಾಡಿಸಿದ್ದು ನಮ್ಮ ಹಕಾರ. ನಮ್ಮೂರಲ್ಲಿ ಹಾಲು ಆಲಾಗಿತ್ತು, ಹಸು ಅಸುವಾಗಿತ್ತು, ಹಾಗೆಲ್ಲ ಅಂಗೆ ಆಗಿತ್ತು. ಆರೋಹಣ ಅವರೋಹಣ ಹೇಳಿ ಎಂದರೆ ನಾವು ಒಕ್ಕೊರಲಿನಿಂದ “ಆರೋಣ, ಅವರೋಣ” ಎಂದು ಕೂಗುತ್ತಿದ್ದೆವು. ಹರಿಯ ಮೇಲಿನ ಹಾಡಿನಲ್ಲಿ ಹರಿ ಅರಿಯಾಗುತ್ತಿದ್ದ. “ಅರಿ ಅಂದರೆ ಶತ್ರು ಕಣ್ರಪ್ಪ, ದೇವರನ್ನು ಯಾಕೆ ಬಯ್ಯುತ್ತೀರಿ?” ಎಂದು ಮೇಷ್ಟ್ರು ಕೈ ಜೋಡಿಸುತ್ತಿದ್ದರು. ತಿದ್ದಿ ತಿದ್ದಿ ಕೊನೆಗೆ ನಾವು ಹಕಾರ ಕಲಿತೆವು. ಕಲಿತ ಹುರುಪಿನಲ್ಲಿ ಎಲ್ಲದಕ್ಕೂ ಅಂಟಿಸಿದೆವು: ಹಾರೋಹಣ, ಹವರೋಹಣ, ಹಾದಿತಾಳ. ಮೇಷ್ಟ್ರು ಅವತ್ತು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು.

ಇನ್ನು ಸಾಕತ್ತೆಯ ವಿಷಯ ಹೇಳಬೇಕು. ಅವಳು ನನ್ನ ಅಪ್ಪನ ತಂಗಿ. ಕೆ.ಆರ್.ಪೇಟೆಗೆ ಕೊಟ್ಟಿದ್ದರು. ಅವಳ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ, ಇವಳು ಒಂದು ಮಧ್ಯಾಹ್ನ ಟ್ರಂಕು ಹಿಡಿದು ತವರಿಗೆ ವಾಪಸು ಬಂದಳು. ಬಂದವಳು ಮಾತು ಬಿಟ್ಟಳು ಎಂದರೆ ತಪ್ಪಾಗುತ್ತದೆ, ಆದರೆ ದನಿ ಬಿಟ್ಟಳು. ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಮಾತಾಡುತ್ತಿದ್ದಳು, ತನ್ನ ಇರವು ಯಾರಿಗೂ ತೊಂದರೆಯಾಗಬಾರದು ಎನ್ನುವಂತೆ. ಹಾಲು ಕರೆದು ಡೇರಿಗೆ ಹಾಕುವುದು, ಕೊಟ್ಟಿಗೆ ಬಳಿಯುವುದು ಎಲ್ಲ ಅವಳದೇ. ಕೊಟ್ಟಿಗೆಗೂ ಪಡಸಾಲೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಹಿಂದಿನ ವರ್ಷವೆಲ್ಲ ನಾವು ಈಚೆ ಕೂತು ಕಿರುಚಿದ್ದನ್ನು ಅವಳು ಆಚೆ ಕೂತು ಕೇಳಿದ್ದಳು ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಹೊಸ ವರ್ಷದ ಮೊದಲ ಭಾನುವಾರ ಮೇಷ್ಟ್ರು, “ಕೂಟಕ್ಕೆ ವಯಸ್ಸಿನ ಕಟ್ಟಿಲ್ಲ, ದೊಡ್ಡವರೂ ಬರಬಹುದು” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ದೊಡ್ಡವರು ನಕ್ಕು ಗದ್ದೆಗೆ ಹೋದರು. ಬಿಡುವಿನಲ್ಲಿ ನಾವು ಜಗಲಿಯ ಮೇಲೆ ಚೌಕಾಬಾರದ ಮನೆ ಬರೆದು ಕವಡೆ ಉರುಳಿಸುತ್ತಿದ್ದೆವು. ಮೇಷ್ಟ್ರು ನಮ್ಮನ್ನು ಒಳಗೆ ಕರೆಯಲು ಬಂದು ನಿಂತಿದ್ದರು. ಆಗ ಸಾಕತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ತಲೆ ತಗ್ಗಿಸಿ, “ಮೇಷ್ಟ್ರೆ, ನಾನೂ ಒಸಿ ಆಡ್ಲಾ?” ಎಂದಳು. ಮೇಷ್ಟ್ರು ಚೌಕಾಬಾರದ ಕಡೆ ನೋಡಿದರು, ಅವಳ ಕಡೆ ನೋಡಿದರು, ಪ್ರೀತಿಯಿಂದಲೇ ಹೇಳಿದರು: “ಪಾಠ ಮುಗಿದ ಮೇಲೆ ಆಡಿಯಮ್ಮ. ಧಾರಾಳವಾಗಿ ಆಡಿ.” ವರ್ಷವೆಲ್ಲ ನಮ್ಮ ಬಾಯಲ್ಲಿ ಹಕಾರ ಹುಡುಕಿದ ಮನುಷ್ಯನಿಗೆ ಅಂದು ಅದು ಕಳೆದುಹೋದದ್ದು ಗೊತ್ತೇ ಆಗಲಿಲ್ಲ. ಅವಳು ಕೇಳಿದ್ದು ಹಾಡಲಾ ಎಂದು. ಅವಳ ಕಿವಿಗೆ ಬಿದ್ದ ಉತ್ತರವೂ ಹಾಡಿ ಎಂದೇ.

ಅಂದು ಪಾಠ ಮುಗಿಯಿತು. ಸಾಕತ್ತೆ ಮುಖ ತೊಳೆದು, ಡೇರಿಗೆ ಉಡುವ ಸೀರೆ ಬಿಟ್ಟು ಬೇರೆ ಸೀರೆ ಉಟ್ಟು, ಕಂಬದ ಪಕ್ಕ ಬಂದು ನಿಂತಳು. ಮೇಷ್ಟ್ರು ಪೆಟ್ಟಿಗೆ ಮುಚ್ಚಿ, ಎಲ್ಲರಿಗೂ ಕೈ ಮುಗಿದು, ಪಾಂಡವಪುರದ ಬಸ್ಸು ತಪ್ಪುತ್ತದೆಂದು ಹೊರಟೇಬಿಟ್ಟರು. ಮರುವಾರವೂ ಹಾಗೇ, ಅದರ ಮರುವಾರವೂ. ಪ್ರತಿ ಭಾನುವಾರ ಅವಳು ಸೀರೆ ಬದಲಿಸಿ ಬರುವುದು, ಇವರು ಅವಸರದಲ್ಲಿ ಅವಳಿಗೂ ಒಂದು ನಮಸ್ಕಾರ ಹಾಕಿ ಓಡುವುದು. ಅವಳು ಇನ್ನೊಮ್ಮೆ ಕೇಳಲಿಲ್ಲ. ಒಂದು ಸಲ ಕೇಳುವುದಕ್ಕೇ ಇದ್ದಬದ್ದ ಧೈರ್ಯವೆಲ್ಲ ಖರ್ಚಾಗಿತ್ತೇನೋ. ಆಮೇಲೊಂದು ಭಾನುವಾರ ಅವಳು ಸೀರೆ ಬದಲಿಸದೆ ಬಂದು ನಿಂತಳು.

ಅಜ್ಜಿಗೆ ಸಾಕತ್ತೆಯ ಈ ಹಾಡುವ ಆಸೆ ಮೊದಲಿನಿಂದಲೂ ಹಿಡಿಸಿರಲಿಲ್ಲ. “ಗಂಡನ್ ಬುಟ್ ಬಂದೋಳು ಆಡ್ಕಂಡ್ ಕುಂತವ್ಳೆ ಅಂತ ಊರೋರು ಆಡ್ಕತಾರೆ ಕಣವ್ವ,” ಎಂದು ಮಗಳನ್ನು ಗದರಿಕೊಂಡಿದ್ದಳು. ಅದೇ ಅಜ್ಜಿ ಅವತ್ತು ಅಡುಗೆಮನೆಯಿಂದ ದಡದಡ ಬಂದು, ಬಾಗಿಲು ದಾಟುತ್ತಿದ್ದ ಮೇಷ್ಟ್ರಿಗೆ ಅಡ್ಡ ನಿಂತಳು.

“ಏನ್ ಮೇಷ್ಟ್ರೆ, ಓದಿರೋರು ನೀವು. ಪಾಠ ಮುಗುದ್ ಮ್ಯಾಕೆ ಆಡು ಅಂದ್ಬುಟ್ಟು, ವಾರ ವಾರ ಬಸ್ಸಿಗೆ ಓಡೋಯ್ತೀರಲ್ಲ? ನನ್ ಮಗ್ಳು ಕಂಬ ಇಡ್ಕಂಡ್ ನಿಂತವ್ಳೆ. ಆಗಾಕಿಲ್ಲ ಅಂದ್ರೆ ಆಗಾಕಿಲ್ಲ ಅಂದ್ಬುಡಿ, ಅತ್ತಾಗೆ.”

ಮೇಷ್ಟ್ರು ಕಕ್ಕಾಬಿಕ್ಕಿಯಾದರು. “ನಾನು ಬೇಡ ಅನ್ನಲಿಲ್ಲವಲ್ಲ ತಾಯಿ, ಮಕ್ಕಳ ಜೊತೆ ಆಡಲಿ ಅಂತ...” ಎಂದು ಚೌಕಾಬಾರದ ಮನೆಯತ್ತ ಕೈ ತೋರಿಸಿದರು. ಜಗಲಿಯಲ್ಲಿ ಕೂತಿದ್ದ ತಾತ ತೊಡೆ ತಟ್ಟಿಕೊಂಡು ನಗತೊಡಗಿದ. “ಅಯ್ಯೋ ಮೇಷ್ಟ್ರೆ, ಅವ್ಳು ಕೇಳಿದ್ದು ಕವಡೆ ಅಲ್ಲ ಕಣ್ರೀ, ಸಂಗೀತ! ಸ ರಿ ಗ ಮ!” ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮೇಷ್ಟ್ರು ನಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಚಾಪೆಯ ಮೇಲೆ ಕೂತು, ಪೆಟ್ಟಿಗೆಯ ಬಟ್ಟೆ ಮತ್ತೆ ಬಿಚ್ಚಿದರು. ಊರ ಬಾಗಿಲಲ್ಲಿ ಬಸ್ಸು ಹಾರ್ನ್ ಹೊಡೆದು ಹೊರಟುಹೋದದ್ದು ಎಲ್ಲರಿಗೂ ಕೇಳಿಸಿತು.

ಸಾಕತ್ತೆ ಕೂರಲಿಲ್ಲ, ಕಂಬಕ್ಕೆ ಒರಗಿ ನಿಂತೇ ಹಾಡಿದಳು. ಸರಳೆ ಹಾಡಿದಳು, ಜಂಟಿ ಹಾಡಿದಳು, ಗೋಡೆಯಾಚೆ ಕೂತು ಕೇಳಿದ್ದನ್ನೆಲ್ಲ ಹಾಡಿದಳು. ಕೊನೆಗೆ ಹರಿಯ ಮೇಲಿನ ಆ ಹಾಡು. ಹರಿ ಅರಿಯಾಗಿಯೇ ಬಂದ. ಕೂಳೆಯ ಜಂಬದಲ್ಲಿ ನಾನು ತಿದ್ದಲು ಬಾಯಿ ತೆರೆದೆ, ಮೇಷ್ಟ್ರು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಅಜ್ಜಿ ಒಲೆಯ ಮೇಲೆ ಸಾರು ಇಟ್ಟು ಬಂದದ್ದು ಮರೆತೇಹೋಗಿ, ಬಾಗಿಲಿಗೆ ಬೆನ್ನು ಕೊಟ್ಟು, ಬೀದಿಯಲ್ಲಿ ಯಾರು ಇಣುಕುತ್ತಾರೆ ನೋಡೇಬಿಡುತ್ತೇನೆ ಎನ್ನುವಂತೆ ನಿಂತಿದ್ದಳು. ತಾತನ ಕಣ್ಣು ಒದ್ದೆಯಾಗಿತ್ತು, ಅದನ್ನವನು ನಕ್ಕಿದ್ದರ ಲೆಕ್ಕಕ್ಕೆ ಹಾಕಿದ. ಮುಗಿದ ಮೇಲೆ ಮೇಷ್ಟ್ರು ಹೇಳಿದ್ದು ಇಷ್ಟೇ: “ಮುಂದಿನ ವಾರದಿಂದ ಮುಂದಿನ ಸಾಲಲ್ಲಿ ಕೂತುಕೊಳ್ಳಿ.” ಇವಳು ತನಿಯೋ ಕೂಳೆಯೋ ಎಂದು ನಾವು ಜಗಳ ತೆಗೆದೆವು. ಗೋಡೆಯಾಚೆಯ ಒಂದು ವರ್ಷವನ್ನೂ ಎಣಿಸಿ ಮೇಷ್ಟ್ರು ಅವಳನ್ನು ಕೂಳೆಯ ಜೊತೆಗೇ ಸೇರಿಸಿದರು.

ಆಮೇಲೆ ಕೆಲವು ವರ್ಷ ಸಾಕತ್ತೆ ಹಾಡಿದಳು. ಹಾಲು ಕರೆಯುವಾಗ ಹಾಡಿದಳು, ಪಾಂಡವಪುರದಲ್ಲಿ ಕೂಟದವರ ವೇದಿಕೆಯ ಮೇಲೂ ಒಮ್ಮೆ ಹಾಡಿದಳು. ಅವಳ ಮಾತಿನ ದನಿಯೂ ಏರಿತು, ಎಮ್ಮೆಯನ್ನೂ ನಮ್ಮನ್ನೂ ಒಂದೇ ಸಮನೆ ಬಯ್ಯುವಷ್ಟು ಏರಿತು. ಆ ಬೈಗುಳ ಕೇಳಿ ಅಜ್ಜಿ ಒಳಗೊಳಗೇ ಹಿಗ್ಗುತ್ತಿದ್ದಳು. ಬೆಳ್ಳೂರು ಕ್ರಾಸಿನಲ್ಲಿ ಹೋಟೆಲು ಇಟ್ಟಿದ್ದ ನನ್ನ ಚಿಕ್ಕಪ್ಪ ಒಮ್ಮೆ ಟೇಪ್ ರೆಕಾರ್ಡರ್ ತಂದು, “ಅಕ್ಕ, ಒಂದು ಕ್ಯಾಸೆಟ್ ತುಂಬ್ಸುಮಾ, ಓಟ್ಲಲ್ಲಿ ಆಕ್ತೀನಿ” ಎಂದು ದುಂಬಾಲು ಬಿದ್ದ. ಅವಳು ನಾಚಿಕೊಂಡು ಕೊಟ್ಟಿಗೆಗೆ ಹೋದಳು. “ಬ್ಯಾಡ ಬುಡ್ಲಾ. ನಾನೇನ್ ಎಲ್ಲಾದ್ರೂ ಓಯ್ತೀನಾ? ಬೇಕಂದಾಗ ಬಂದು ಕೇಳು.”

ಅವಳು ಹೋದಳು. ದಶಕ ಮುಗಿಯುವ ಮೊದಲೇ, ಇನ್ನೂ ನಲವತ್ತು ದಾಟಿರದ ವಯಸ್ಸಿನಲ್ಲಿ, ಬಿಡದ ಜ್ವರವೊಂದು ಅವಳನ್ನು ತೆಗೆದುಕೊಂಡು ಹೋಯಿತು. ಮಾರನೆಯ ವರ್ಷ ನಾಲೆಗೆ ನೀರು ಬಂತು, ಹೊಸ ಪಾಠ ಮಾತ್ರ ನಮ್ಮ ಮನೆಯಲ್ಲಿ ಶುರುವಾಗಲಿಲ್ಲ. ತಾತನ ನಂತರ ಮನೆ ಪಾಲಾಯಿತು. ತೊಟ್ಟಿ ಮುಚ್ಚಿ, ಪಡಸಾಲೆ ಕೆಡವಿ, ಈಗ ಅಲ್ಲಿ ಎರಡು ತಾರಸಿ ಮನೆಗಳಿವೆ. ನಾನು ಶ್ರೀರಂಗಪಟ್ಟಣದಲ್ಲಿ ಸಂಗೀತ ಹೇಳಿಕೊಡುತ್ತೇನೆ. ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ಸಾಕತ್ತೆಯ ಕಥೆ ಹೇಳುತ್ತೇನೆ. ಮಕ್ಕಳು ಚೌಕಾಬಾರದ ಭಾಗಕ್ಕೆ ನಗುತ್ತಾರೆ, ನಾನೂ ನಗುತ್ತೇನೆ. ಈ ವರ್ಷ ಒಬ್ಬಳು ಪುಟ್ಟ ಹುಡುಗಿ ನಗದೆ ಕೇಳಿದಳು: “ಅವರು ಹೇಗೆ ಹಾಡ್ತಿದ್ರು ಮಿಸ್? ಒಂಚೂರು ತೋರಿಸಿ.” ತೋರಿಸೋಣವೆಂದು ಕಣ್ಣು ಮುಚ್ಚಿದೆ. ಸಾಕತ್ತೆ ಕಂಬಕ್ಕೆ ಒರಗಿದ್ದು ಕಂಡಿತು, ಬಾಗಿಲಿಗೆ ಬೆನ್ನು ಕೊಟ್ಟ ಅಜ್ಜಿ ಕಂಡಳು, ಹಾಡಿನ ಒಂದೊಂದು ಅಕ್ಷರವೂ ನೆನಪಿಗೆ ಬಂತು. ಅವಳ ದನಿ ಮಾತ್ರ ಬರಲಿಲ್ಲ. ಎಷ್ಟು ಕಿವಿಗೊಟ್ಟರೂ ಒಳಗೆ ಕೇಳುತ್ತಿದ್ದದ್ದು, ತಿದ್ದಿ ತೀಡಿದ ಹಕಾರದ, ನನ್ನದೇ ದನಿ.