ಸಾಹೇಬನಿಗೆ ಹಾಕಿಸಿದ ಫಿಲ್ಟರ್

ನಮ್ಮ ಮನೆಯ ಸಾಹೇಬ ಹೋದ ಶುಕ್ರವಾರ ಬೆಳಿಗ್ಗೆ ತೀರಿಕೊಂಡ. ಕೊಂದವನು ನಾನೇ.

ಗಾಬರಿ ಬೇಡ. ಸಾಹೇಬ ಅಂದರೆ ಮೀನು. ಬೆಟ್ಟಾ ಜಾತಿಯದು. ಹೆಬ್ಬೆರಳಿನಷ್ಟು ಮೈ, ಅದಕ್ಕಿಂತ ದೊಡ್ಡ ನೀಲಿ ಬಾಲ. ಜರಿಪಂಚೆ ಉಟ್ಟು ಮದುವೆಮನೆಗೆ ಬಂದವರ ಹಾಗೆ ನಿಧಾನಕ್ಕೆ ಓಡಾಡುತ್ತಿದ್ದ. ಹೆಸರಿಟ್ಟವಳು ನನ್ನ ಹೆಂಡತಿ ನಾಗವೇಣಿ.

ಕುಮಟಾದ ನಮ್ಮ ಮನೆಯಲ್ಲಿ ಅವಳು ಬ್ಲೌಸ್ ಹೊಲಿಯುತ್ತಾಳೆ. ಹೊಲಿಗೆ ಮಿಷನ್ ಪಕ್ಕದಲ್ಲೇ ಸಾಹೇಬನ ಗಾಜಿನ ತೊಟ್ಟಿ. ನಾನು ಆಫೀಸಿಗೆ ಹೋದ ಮೇಲೆ ಸಂಜೆಯವರೆಗೂ ಅವಳ ಮಾತುಕತೆಯೆಲ್ಲ ಅವನ ಜೊತೆಗೇ. ಅವಳು ಬಂದು ಕೂತರೆ ಅವನು ಗಾಜಿನ ಹತ್ತಿರ ಬಂದು ನಿಲ್ಲುತ್ತಿದ್ದನಂತೆ. (ನಾನು ನೋಡಿದವನಲ್ಲ. ನೋಡುವ ಪುರುಸೊತ್ತು ಯಾರಿಗಿತ್ತು?)

ವಾರಕ್ಕೆರಡು ಸಲ ಅವಳು ಬಾವಿಯಿಂದ ನೀರು ತಂದು, ತೊಟ್ಟಿಯ ಸ್ವಲ್ಪ ನೀರು ತೆಗೆದು ಹೊಸದು ತುಂಬುತ್ತಿದ್ದಳು. ನನಗೆ ಪಾಪ ಅನ್ನಿಸಿತು. ಫಿಲ್ಟರ್ ಹಾಕಿದರೆ ಈ ರಗಳೆಯೇ ಇಲ್ಲವಲ್ಲ! ಹೋದ ವರ್ಷ ಹೀಗೇ ಪಾಪ ಅನ್ನಿಸಿ, ಅವಳು ಕಾಲಲ್ಲಿ ತುಳಿಯುತ್ತಿದ್ದ ಮಿಷನ್‌ಗೆ ಕರೆಂಟಿನ ಮೋಟಾರ್ ಹಾಕಿಸಿದ್ದೆ. ಅವಳೇನೂ ಹೇಳಲಿಲ್ಲ. ಹೇಳಲಿಲ್ಲ ಅಂದರೆ ಇಷ್ಟವಾಯಿತು ಎಂದೇ ಅರ್ಥ ಅಲ್ಲವೇ?

ಮೊನ್ನೆ ತಂಗಿಯ ಬಾಣಂತನಕ್ಕೆಂದು ಅವಳು ಎಂಟು ದಿನ ಮಾವಿನಕುರ್ವೆಯ ತವರಿಗೆ ಹೋದಳು. ಬರುವಷ್ಟರಲ್ಲಿ ಸರ್‌ಪ್ರೈಸ್ ಕೊಡೋಣ ಎಂದುಕೊಂಡೆ. ಆಫೀಸ್ ಕೆಲಸಕ್ಕೆ ಭಟ್ಕಳಕ್ಕೆ ಹೋದವನು ಅಲ್ಲಿಯ ಅಕ್ವೇರಿಯಂ ಅಂಗಡಿಗೆ ನುಗ್ಗಿದೆ. ಇದ್ದುದರಲ್ಲೇ ಜೋರಾದ ಫಿಲ್ಟರ್ ತೋರಿಸಿ, "ಅದು ಕೊಡಿ" ಎಂದೆ.

ಅಂಗಡಿಯವ ಕೇಳಿದ, "ಯಾವ ಮೀನು ಸಾರ್?"

"ಬೆಟ್ಟಾ."

"ಅದಕ್ಕೆ ಇದು ಬೇಡ ಸಾರ್. ನೀರಿನ ಫೋರ್ಸ್ ಜಾಸ್ತಿ. ಆ ಮೀನಿಗೆ ನಿಂತ ನೀರೇ ಆಗೂದು. ಸಣ್ಣ ಸ್ಪಂಜ್ ಫಿಲ್ಟರ್ ತಕೊಳ್ಳಿ. ಬರೀ ಗುಳ್ಳೆ ಬರ್ತದೆ, ಸಾಕು."

"ಭಾಯ್, ನಾನು ಕಾಗಾಲದವ. ಮೀನಿನ ವಿಷಯ ನನಗೆ ಹೇಳ್ಬೇಡಿ" ಎಂದೆ.

ಅಹಂಕಾರ ನೋಡಿ! ಅಘನಾಶಿನಿಯ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ನಡುವೆ ಬೆಳೆದವನು ನಾನು. ಸಮುದ್ರ ಉಕ್ಕುವ ಭರತದ ಹೊತ್ತಿಗೆ ಗದ್ದೆಯ ಕಟ್ಟೆಗಿಟ್ಟ ಬಾಗಿಲು ತೆಗೆದರೆ ನೀರು ಧೋ ಎಂದು ಒಳಗೆ ನುಗ್ಗುತ್ತದೆ, ಜೊತೆಗೇ ಮೀನು. ನೀರು ಓಡುವಲ್ಲಿ ಮೀನಿಗೆ ಖುಷಿ ಎಂದು ಚಡ್ಡಿ ಹಾಕುವ ವಯಸ್ಸಿನಲ್ಲೇ ಕಂಡವನು. ಸಾಹೇಬನ ಕುಲದವರು ಗಜನಿಯವರಲ್ಲ, ಎಲ್ಲೋ ದೂರದೇಶದ ನಿಂತ ನೀರಿನ ಭತ್ತದ ಗದ್ದೆಯವರು ಎಂದು ನನಗೇನು ಗೊತ್ತು? ಗೊತ್ತಿದ್ದವನು ಹೇಳಿದಾಗ ಕೇಳಲಿಲ್ಲ, ಅಷ್ಟೇ.

ಭಾನುವಾರ ಫಿಲ್ಟರ್ ಹಾಕಿದೆ. ನೀರು ಗಿರಗಿರ ತಿರುಗಿತು. ಸಾಹೇಬ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಾಣದ ಹಾಗೆ! ಇಷ್ಟು ಚುರುಕಾಗಿ ಅವನನ್ನು ಕಂಡೇ ಇರಲಿಲ್ಲ. ವಿಡಿಯೋ ಮಾಡಿ ನಾಗವೇಣಿಗೆ ಕಳಿಸಿದೆ. ಸರ್‌ಪ್ರೈಸ್ ತಡೆದುಕೊಳ್ಳುವ ತಾಳ್ಮೆಯೂ ನನಗಿಲ್ಲ.

ಕೂಡಲೇ ಫೋನ್ ಬಂತು. "ಎಂತ ಮಾಡಿದ್ರಿ ನೀವು?"

"ನೋಡಿದ್ಯಾ, ಹ್ಯಾಗೆ ಆಡ್ತಾನೆ!"

"ಅದು ಆಡೂದಲ್ಲ ಮಾರಾಯ್ರೆ, ಒದ್ದಾಡೂದು. ಅವ ಮೇಲೆ ಬಂದು ಗಾಳಿ ತಕೊಳ್ಬೇಕು. ನೀರು ಹೀಗೆ ತಿರುಗಿರೆ ಎಲ್ಲಿ ನಿಲ್ತಾನೆ, ಎಲ್ಲಿ ಮಲಗ್ತಾನೆ? ಮೊದ್ಲು ಬಂದ್ ಮಾಡಿ ಅದನ್ನ."

"ಆತು, ಮಾಡಿದೆ" ಎಂದೆ.

ಮಾಡಲಿಲ್ಲ. ನೀರು ಕನ್ನಡಿಯಷ್ಟು ತಿಳಿಯಾಗಿತ್ತು. ನಾಲ್ಕು ದಿನದಲ್ಲಿ ಮೀನಿಗೆ ರೂಢಿಯಾಗುತ್ತದೆ, ಅವಳು ಬಂದು ನೋಡಿ ತಾನೇ ಒಪ್ಪುತ್ತಾಳೆ ಎಂದು ಲೆಕ್ಕ ಹಾಕಿದೆ. ದಿನಾ ಸಂಜೆ ಅವಳು "ಸಾಹೇಬ ಹ್ಯಾಗಿದ್ದಾನೆ?" ಎಂದು ಕೇಳಿದಾಗೆಲ್ಲ "ಆರಾಮ್" ಎಂದೆ. ಬುಧವಾರ ಬಾಲ ಹರಿದು ಚಿಂದಿಯಾದದ್ದು ಕಂಡಿತು. ಗುರುವಾರ ಹಾಕಿದ ಕಾಳು ತಿನ್ನಲಿಲ್ಲ. ಆಗ ಸ್ವಿಚ್ ಆಫ್ ಮಾಡಿದೆ. ಶುಕ್ರವಾರ ಬೆಳಿಗ್ಗೆ ಸಾಹೇಬ ತೊಟ್ಟಿಯ ತಳದಲ್ಲಿ ಮಗ್ಗುಲಾಗಿ ಮಲಗಿದ್ದ. ಪುಟ್ಟ ಮೀನು. ಆದರೆ ಅವನನ್ನು ಕೈಯಲ್ಲಿ ಎತ್ತಿಕೊಂಡಾಗ ನನಗೆ ನನ್ನ ಮೇಲೇ ಹೇಸಿಗೆ ಆಯಿತು.

ಶನಿವಾರ ಅವಳು ಬಂದಳು. ಎಲ್ಲ ಹೇಳಿದೆ, ಸುಳ್ಳು ಹೇಳಿದ್ದನ್ನೂ ಸೇರಿಸಿ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ತೊಟ್ಟಿ ತೊಳೆದು ಬಿಸಿಲಿಗಿಟ್ಟಳು.

ಎರಡು ದಿನ ಬಿಟ್ಟು ಮೆಲ್ಲಗೆ ಕೇಳಿದೆ, "ಬೇರೆ ಮೀನು ತರ್ಲಾ?"

ಅವಳು ಕತ್ತರಿ ಕೆಳಗಿಟ್ಟಳು. "ಈ ಸಲ ಕೇಳಿದ್ರಲ್ಲ, ಅದೇ ದೊಡ್ಡದು. ಮೀನು ಬೇಡ. ಈ ಮಿಷನ್ನಿನ ಮೋಟಾರ್ ತೆಗೆಸಿಕೊಡಿ. ಇದು ಓಡೂ ಸ್ಪೀಡಿಗೆ ನಂಗೆ ಕೈ ನಡುಗ್ತದೆ. ವರ್ಷದಿಂದ ಹೇಳ್ಬೇಕು ಅಂತಿದ್ದೆ."

ನನ್ನ ಉಪಕಾರವನ್ನು ಸಾಹೇಬ ತಡೆದುಕೊಂಡದ್ದು ಐದು ದಿನ. ಅವಳು?