ಖಾಲಿ ಸೂಟ್‌ಕೇಸು ಎಳೆದುಕೊಂಡು ಡೌನ್‌ಟೌನ್‌ಗೆ

ಕಳೆದ ತಿಂಗಳು ಒಂದು ಬುಧವಾರ ನಾನು ಗಂಡನನ್ನು ಬಿಟ್ಟು ಹೊರಟುಹೋದೆ ಅಂತ ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ನಮ್ಮ ಡಬ್ಲಿನ್ ತುಂಬಾ ಸುದ್ದಿಯಾಯಿತು.

ಸುದ್ದಿಗೆ ಆಧಾರ ಇರಲಿಲ್ಲ ಅಂತಲ್ಲ. ಬೆಳಗ್ಗೆ ನಾನು ಒಬ್ಬಳೇ ಫುಟ್‌ಪಾತಿನ ಮೇಲೆ ದೊಡ್ಡದೊಂದು ಸೂಟ್‌ಕೇಸು ಎಳೆದುಕೊಂಡು ರೈಲ್ವೆ ಸ್ಟೇಷನ್ ಕಡೆ ನಡೆಯುತ್ತಿದ್ದೆ. ನಮ್ಮ ಡಬ್ಲಿನ್‌ನಲ್ಲಿ ಫುಟ್‌ಪಾತು ಇರುವುದು ನಾಯಿಗಳಿಗೆ. ನಾಯಿ ಇಲ್ಲದೆ ನಡೆಯುವ ಹೆಂಗಸು ಕಂಡರೆ ಪರಿಚಯದವರ ಕಾರೆಲ್ಲ ನಿಲ್ಲುತ್ತದೆ. "ಏನಾಯ್ತು? ಕಾರ್ ಕೆಟ್ಟೋಯ್ತಾ? ರೈಡ್ ಬೇಕಾ?" ಇನ್ನು ಸೂಟ್‌ಕೇಸು ಬೇರೆ ಇದ್ದರೆ ಕೇಳಬೇಕೆ? ಮೊದಲ ಕಾರಿನವರು ಕಿಟಕಿ ಇಳಿಸಿದರು. ಎರಡನೆಯವರು ಕಾರಿನಿಂದಲೇ ಇಳಿದರು. ಮೂರನೆಯವರು ಏನೂ ಕೇಳದೆ ನನ್ನ ಕೈ ಹಿಡಿದುಕೊಂಡು, "ನಮ್ಮನೆಗೆ ಬನ್ರೀ, ಎಷ್ಟ್ ದಿನ ಬೇಕಾದ್ರೂ ಇರಿ" ಅಂದರು.

ನಾನು ರೈಲು ಹತ್ತುವಷ್ಟರಲ್ಲಿ ಗಂಡನ ಆಫೀಸಿಗೆ ಫೋನು ಹೋಗಿತ್ತು. ಪಾಪ, ಮೀಟಿಂಗು ಬಿಟ್ಟು ಎದ್ದು ಬಂದು ನನಗೆ ಫೋನು ಮಾಡಿದರು.

"ಏನೇ ಇದು? ಸೂಟ್‌ಕೇಸಲ್ಲಿ ಏನಿದೆ?"

"ಏನಿಲ್ಲ. ಖಾಲಿ."

ಅವರಿಗೆ ಇನ್ನೂ ಹೆದರಿಕೆಯಾಯಿತು ಅಂತ ಕಾಣುತ್ತದೆ.

ವಿಷಯ ಇಷ್ಟೇ. ನನಗೆ ಕಾರು ಓಡಿಸಲು ಬರುವುದಿಲ್ಲ. (ಹಳೆಯ ಓದುಗರಿಗೆ ಇದು ಗೊತ್ತು. ಹೊಸಬರು ಕನಿಕರ ಪಡುವ ಅಗತ್ಯ ಇಲ್ಲ.) ಫ್ರೀವೇ ಅಂದರೆ ನನಗೆ ಆಗದು, ಕಲಿಯುವ ಆಸೆಯೂ ಉಳಿದಿಲ್ಲ. ನಾವಿರುವ ಈ ಬೇ ಏರಿಯಾದಲ್ಲಿ ಕಾರು ಬಾರದ ಹೆಂಗಸೆಂದರೆ ದೊಡ್ಡ ಮಗು ಇದ್ದಂತೆ. ಡೇಕೇರ್‌ನಲ್ಲಿ ಬಿಟ್ಟ ಮಕ್ಕಳನ್ನು ಕರೆತರುವ ಹಾಗೆ ಯಾರಾದರೂ ನಮ್ಮನ್ನು ಬಿಡಬೇಕು, ಯಾರಾದರೂ ಕರೆತರಬೇಕು. ಹಬ್ಬಕ್ಕೆ ಕರೆದವರು ಮೊದಲು ಕೇಳುವುದೇ "ನಿಮಗೆ ರೈಡ್ ಇದ್ಯಾ?" ಅಂತ.

ಇಂಥ ನನಗೆ ಮೈಸೂರಿನಿಂದ ಅಕ್ಕನ ಫೋನು ಬಂತು. ನಮ್ಮ ಗೀತಕ್ಕ ಮಕ್ಕಳ ಡಾಕ್ಟರು. ಷಿಕಾಗೋಗೆ ಯಾವುದೋ ಕಾನ್ಫರೆನ್ಸಿಗೆ ಬರುತ್ತಿದ್ದಳು. ವಾಪಸು ಹೋಗುವಾಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ವೀಕೆಂಡು ಸಿಗುತ್ತದಂತೆ. ನಾನು ಕುಣಿದಾಡುವುದರೊಳಗೆ ಅವಳೇ ಮುಂದುವರಿಸಿದಳು.

"ನೋಡು ಪುಟ್ಟೀ, ನಿನ್ ಗಂಡ ಆ ವಾರ ಊರಲ್ಲಿರಲ್ಲ ಅಂದೆ. ನೀನು ಅವರಿವರನ್ನ ರೈಡ್ ಕೇಳ್ಕೊಂಡು ಒದ್ದಾಡ್ಬೇಡ. ನಾನು ಏರ್‌ಪೋರ್ಟ್ ಹತ್ರಾನೇ ಒಂದು ಹೋಟೆಲ್ ರೂಮ್ ಮಾಡ್ಕೊಂಡು ಇದ್ದು ಹೋಗ್ತೀನಿ. ಯಾರಾದ್ರೂ ಕರ್ಕೊಂಡ್ ಬಂದ್ರೆ ಬಾ, ಇಲ್ದಿದ್ರೆ ಬೇಜಾರಿಲ್ಲ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅದಕ್ಕೇ ಇನ್ನೂ ಚುಚ್ಚಿತು. ಈ ದೇಶಕ್ಕೆ ಬಂದು ಇಷ್ಟು ವರ್ಷವಾಗಿ, ಒಡಹುಟ್ಟಿದ ಅಕ್ಕ ನಾನಿರುವ ಊರಿಗೆ ಬಂದು, ನನಗೆ ತೊಂದರೆಯಾಗಬಾರದು ಅಂತ ಏರ್‌ಪೋರ್ಟಿನಲ್ಲಿ ಮಲಗಿ ಹೋಗಬೇಕೆ? ಆ ರಾತ್ರಿ ನನಗೆ ಅಳುವೇ ಬಂತು. ಬೆಳಗ್ಗೆ ಎದ್ದಾಗ ಅಳುವಿನ ಜಾಗದಲ್ಲಿ ಹಟ ಇತ್ತು.

ಗೆಳತಿ ಶ್ಯಾಮಲಾ ಸಹಾಯಕ್ಕೆ ಬಂದಳು. "ಶನಿವಾರ ಮಗಳ ಸಾಕರ್ರಿಗೂ ಭರತನಾಟ್ಯಕ್ಕೂ ಮಧ್ಯೆ ಫ್ರೀ ಇದೀನಿ ಕಣೆ. ಗೋಲ್ಡನ್ ಗೇಟ್ ಬ್ರಿಡ್ಜು, ಟೂರಿಸ್ಟ್‌ಗಳೆಲ್ಲ ನೋಡೋ ಆ ಸೊಟ್ಟ ರಸ್ತೆ, ಎರಡೂ ಮುಗಿಸ್ಕೊಂಡ್ ಬಂದ್ಬಿಡೋಣ." ನಿಮಗೆ ಈ ಪ್ಯಾಕೇಜು ಗೊತ್ತಲ್ಲ? ಕೂಲರಿನಲ್ಲಿ ಪುಳಿಯೋಗರೆ, ಮೊಸರನ್ನ. ಪಾರ್ಕಿಂಗಿಗೆ ಒಂದು ಗಂಟೆ, ಬ್ರಿಡ್ಜಿನ ಮುಂದೆ ಹತ್ತು ನಿಮಿಷ. "ಬೇಗ ಬೇಗ, ಟ್ರಾಫಿಕ್ ಶುರುವಾಗತ್ತೆ." ಹಿಂದಿನ ಸೀಟಿನಲ್ಲಿ ನೆಂಟರಿಗೆ ಜೆಟ್‌ಲ್ಯಾಗಿನ ನಿದ್ದೆ. ಊರಿಗೆ ಹೋಗಿ ಅವರು ಹೇಳುವುದು, "ರಸ್ತೆಗಳು ತುಂಬಾ ಚೆನ್ನಾಗಿವೆ."

ಬೇಡ ಅಂದೆ. ಸ್ಯಾನ್ ಫ್ರಾನ್ಸಿಸ್ಕೋ ಡೌನ್‌ಟೌನಿನಲ್ಲೇ ಹೋಟೆಲು ರೂಮು ಮಾಡಿ, ಅಕ್ಕನನ್ನು ಅಲ್ಲೇ ಇಳಿಸಿಕೊಂಡು, ಎಲ್ಲವನ್ನೂ ನಡೆದೇ ತೋರಿಸುತ್ತೇನೆ ಅಂತ ಘೋಷಿಸಿದೆ. "ಅಷ್ಟ್ ದೊಡ್ ಮನೆ ಇಟ್ಕೊಂಡು ಪಕ್ಕದೂರಲ್ಲಿ ಹೋಟೆಲ್ಲಾ?" ಅಂದರು ಗಂಡ. "ಡೌನ್‌ಟೌನ್ ಸೇಫಲ್ಲ, ನ್ಯೂಸ್ ನೋಡಲ್ವಾ ನೀನು?" ಅಂದಳು ಶ್ಯಾಮಲಾ. ಮೆಜೆಸ್ಟಿಕ್ಕಿನಲ್ಲಿ ಪರ್ಸನ್ನು ಎದೆಗೆ ಅವುಚಿಕೊಂಡು ಬಸ್ಸು ಹಿಡಿದು ಬೆಳೆದವರು ನಾವು. ನಮಗೆ ಯಾರು ಕಲಿಸಬೇಕು?

ಆದರೆ ಹೋಟೆಲು ಹುಡುಕಲು ಕೂತಾಗ ಗೊತ್ತಾಯಿತು, ಆನ್‌ಲೈನಿನಲ್ಲಿ ಎಲ್ಲ ಹೋಟೆಲೂ ಎಲ್ಲದಕ್ಕೂ ಹತ್ತಿರ. ಎಲ್ಲವೂ "ವಾಕಿಂಗ್ ಡಿಸ್ಟನ್ಸ್". ಯಾರ ವಾಕಿಂಗು? ಇಪ್ಪತ್ತರ ಹುಡುಗನದೋ, ಮಂಡಿನೋವಿರುವ ನನ್ನ ಅಕ್ಕನದೋ? ಮದುವೆಗೆ ಛತ್ರ ಬುಕ್ ಮಾಡುವ ಮುಂಚೆ ಹೋಗಿ ನಲ್ಲಿ ತಿರುಗಿಸಿ ನೋಡಿ ಬರುವುದಿಲ್ಲವೆ? ಹಾಗೆ ನಾನೇ ನಡೆದು ನೋಡಲು ಹೊರಟೆ. ಖಾಲಿ ಸೂಟ್‌ಕೇಸು ಅದಕ್ಕೇ. ಸ್ಟೇಷನ್ನಿನಿಂದ ಹೋಟೆಲಿನ ಬಾಗಿಲಿಗೆ ಚಕ್ರ ಸಲೀಸಾಗಿ ಉರುಳಬೇಕು, ಅಷ್ಟೇ ನನ್ನ ಪರೀಕ್ಷೆ. ಎರಡು ಹೋಟೆಲು ಫೇಲಾದವು. ಯೂನಿಯನ್ ಸ್ಕ್ವೇರ್ ಪಕ್ಕದ ಸಣ್ಣದೊಂದು ಪಾಸಾಯಿತು.

ಮುಂದಿನ ವಾರ ಶುಕ್ರವಾರ ಸಂಜೆ ಅಕ್ಕ ಬಂದಿಳಿದಳು. ಏರ್‌ಪೋರ್ಟಿನಿಂದ ರೈಲು, ರೈಲಿನಿಂದ ಹೋಟೆಲು, ಒಂದು ಕಡೆಯೂ ಎಡವಲಿಲ್ಲ. "ಪರವಾಗಿಲ್ವೇ!" ಅಂದಳು. ನಾನು ಬೀಗಿದೆ.

ಬೀಗಿದ್ದು ಸ್ವಲ್ಪ ಬೇಗ ಆಯಿತು. ಶನಿವಾರ ಬೆಳಗ್ಗೆ ಚೈನಾಟೌನಿಗೆ ಹೊರಟೆವು. ಮ್ಯಾಪಿನ ಪ್ರಕಾರ ಹತ್ತೇ ನಿಮಿಷ, ಹತ್ತಿರದ ದಾರಿ. ಆ ದಿಕ್ಕಿಗೆ ನಾನು ಸೂಟ್‌ಕೇಸು ಎಳೆದು ನೋಡಿರಲಿಲ್ಲ. ಎರಡು ತಿರುವು ಕಳೆದದ್ದೇ ರಸ್ತೆ ಎದುರಿಗೆ ಗೋಡೆಯ ಹಾಗೆ ಎದ್ದು ನಿಂತಿತು. ಈ ಊರಿನ ಗುಡ್ಡಗಳು ನನಗೇನೂ ಹೊಸವಲ್ಲ. ಆದರೆ ಇಷ್ಟು ವರ್ಷ ಅವನ್ನು ಹತ್ತಿದ್ದು ಬೇರೆಯವರ ಕಾರು! ಅಕ್ಕ ಅರ್ಧ ಹತ್ತಿ, ಒಂದು ಪಾರ್ಕಿಂಗ್ ಮೀಟರನ್ನು ಹಿಡಿದುಕೊಂಡು ನಿಂತಳು. ಮುಖ ಕೆಂಪಗಾಗಿತ್ತು.

"ಸಾಕು ಪುಟ್ಟೀ, ನಂಗಾಗಲ್ಲ. ಟ್ಯಾಕ್ಸಿ ಕರೀತೀನಿ." ಫೋನು ತೆಗೆದೇಬಿಟ್ಟಳು.

ಅವಳು ಆ ಬಟನ್ ಒತ್ತಿದ್ದರೆ ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ಮತ್ತೆ ಅವಳು ಕರೆದುಕೊಂಡು ಹೋಗುವವಳು, ನಾನು ಹೋಗುವವಳು. "ಐದ್ ನಿಮ್ಷ ಕೊಡು ಅಕ್ಕಾ, ನಿಂಗೆ ಕೈ ಮುಗೀತೀನಿ" ಅಂದೆ. ಅವಳು ನನ್ನ ಮುಖವನ್ನೇ ನೋಡಿ ಫೋನು ಒಳಗಿಟ್ಟಳು. ಇಬ್ಬರೂ ಮೆಲ್ಲಗೆ ಕೆಳಗಿಳಿದೆವು.

ಕೆಳಗೆ ಪಕ್ಕದ ರಸ್ತೆಯಲ್ಲಿ ಚೀನೀ ಅಜ್ಜಿಯರು ಬರುತ್ತಿದ್ದರು. ಕೈಯಲ್ಲಿ ಭರ್ತಿ ಚೀಲ, ಚೀಲದಿಂದ ಸೊಪ್ಪು ಇಣುಕುತ್ತಿದೆ. ಸೊಪ್ಪು ಕೊಂಡಿದ್ದು ಚೈನಾಟೌನಿನಲ್ಲೇ ಇರಬೇಕು. ಆದರೆ ಒಬ್ಬ ಅಜ್ಜಿಗೂ ಏದುಸಿರಿಲ್ಲ! ಹಾಗಾದರೆ ಇವರು ಗುಡ್ಡ ಹತ್ತಿಳಿದು ಬಂದವರಲ್ಲ. ಅವರು ಬಂದ ದಿಕ್ಕಿಗೆ ತಿರುಗಿ ನೋಡಿದೆ. ರಸ್ತೆ ನೆಟ್ಟಗೆ ಹೋಗಿ ಗುಡ್ಡದ ಹೊಟ್ಟೆಯೊಳಗೆ ನುಗ್ಗುತ್ತಿತ್ತು. ಸುರಂಗ! ಪಕ್ಕದಲ್ಲಿ ನಡೆಯುವವರಿಗೆ ಅಂತಲೇ ದಾರಿ.

"ಬಾ" ಅಂದೆ. ಅಕ್ಕ ಬಂದಳು.

ಸುರಂಗದೊಳಗೆ ಗದ್ದಲವೋ ಗದ್ದಲ. ಮಧ್ಯದಲ್ಲಿ ನಮ್ಮ ಡಾಕ್ಟರಮ್ಮ "ಕೂ" ಅಂತ ಕೂಗಿ, ಪ್ರತಿಧ್ವನಿ ಕೇಳಿ ನಕ್ಕಿದ್ದನ್ನು ಮೈಸೂರಿನ ಅವಳ ಪೇಷಂಟುಗಳು ನೋಡಬೇಕಿತ್ತು. ಆಚೆ ಕಡೆ ಹೊರಬಿದ್ದು ಸ್ವಲ್ಪ ನಡೆದರೆ ಸಾಕ್ಷಾತ್ ದೇವರಾಜ ಮಾರ್ಕೆಟ್ಟು. ಅಂಗಡಿಗಳೆಲ್ಲ ಫುಟ್‌ಪಾತಿಗೆ ಚೆಲ್ಲಿಕೊಂಡಿವೆ. ಹಾಗಲಕಾಯಿ, ಸೀಮೆಬದನೆ, ಶುಂಠಿಯ ರಾಶಿ. "ಅಯ್ಯೋ, ದಂಟಿನ ಸೊಪ್ಪು ಕಣೇ!" ಅಂತ ಅಕ್ಕ ಓಡಿದಳು. ಮಂಡಿನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ಕನ್ನಡದಲ್ಲೇ ಚೌಕಾಸಿ ಮಾಡಿದಳು. ಅಂಗಡಿಯಾಕೆ ಚೀನೀ ಭಾಷೆಯಲ್ಲಿ ಬೈದಳು. ಇಬ್ಬರಿಗೂ ತೃಪ್ತಿಯಾಯಿತು.

ಆಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಮಧ್ಯಾಹ್ನ ಒಂದು ಮ್ಯೂಸಿಯಮ್ಮು, ನಡೆದೇ. ಹುಲ್ಲಿನ ಮೇಲೆ ಕಾಲು ಚಾಚಲು ಒಂದು ಪಾರ್ಕು, ನಡೆದೇ. ಸುಸ್ತಾದಾಗ ಹೋಟೆಲಿಗೆ ಬಂದು ಒಂದು ನಿದ್ದೆ. (ಹತ್ತಿರದ ಹೋಟೆಲಿನ ದೊಡ್ಡ ಸುಖ ಇದೇ.) ಸಂಜೆ ಮಾರ್ಕೆಟ್ ಸ್ಟ್ರೀಟಿನ ಸಮತಟ್ಟು ರಸ್ತೆಯಲ್ಲಿ ಸಮುದ್ರದ ದಂಡೆಯವರೆಗೆ. ಫೆರಿ ನಿಲ್ಲುವ ಕಡೆ ಬೆಂಚಿನ ಮೇಲೆ ಕೂತು ದೋಣಿಗಳು ಬಂದು ಹೋಗುವುದನ್ನು ನೋಡಿದೆವು.

ಅಲ್ಲಿ ನಾವು ಮಾತಾಡಿದೆವು. ಕಾರಿನಲ್ಲಿ ಎಲ್ಲಿ ಮಾತಾಡುತ್ತೇವೆ ಹೇಳಿ? ಅಲ್ಲಿ ಮಾತಾಡುವವಳು ಜಿಪಿಎಸ್ಸಿನ ಹೆಂಗಸು. ಅಕ್ಕ ಎಷ್ಟೋ ವರ್ಷದಿಂದ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿದಳು, ನಾನೂ ಹೇಳಿದೆ. ಏನು ಅಂತ ಬರೆಯುವುದಿಲ್ಲ, ಅದು ನಮ್ಮದು. ಅಷ್ಟರಲ್ಲಿ ಶ್ಯಾಮಲಾ ಫೋನು. "ಗೋಲ್ಡನ್ ಗೇಟ್ ಆಯ್ತಾ?" ಇಲ್ಲ ಅಂದೆ. ತಿರುಪತಿಗೆ ಹೋಗಿ ದರ್ಶನ ಮಾಡದೆ ಬಂದೆವೇನೋ ಅನ್ನುವ ಹಾಗೆ, "ಮತ್ತೆ ಏನ್ ನೋಡಿದ್ರಿ?" ಅಂದಳು. ಹೇಳಲು ತುಂಬಾ ಇತ್ತು. "ಆಮೇಲೆ ಮಾಡ್ತೀನಿ" ಅಂದು ಇಟ್ಟೆ.

ಭಾನುವಾರ ಏರ್‌ಪೋರ್ಟಿನಲ್ಲಿ, ಸೆಕ್ಯುರಿಟಿಗೆ ಹೋಗುವ ಮುಂಚೆ, ಭಾವನ ಫೋನು ಬಂತು. ಯಾರ ಕಾರಲ್ಲಿ ಓಡಾಡಿದಿರಿ ಅಂತ ಅವರು ಕೇಳಿರಬೇಕು.

"ಕಾರಾ? ಯಾರ್ ಕಾರೂ ಇಲ್ಲ ರೀ" ಅಂದಳು ಅಕ್ಕ, ಅಕ್ಕಪಕ್ಕದವರೆಲ್ಲ ತಿರುಗಿ ನೋಡುವ ಹಾಗೆ. "ಪುಟ್ಟೀನೇ ಊರೆಲ್ಲಾ ತೋರ್ಸಿದ್ಲು. ಅವಳು ಮುಂದೆ, ನಾನು ಹಿಂದೆ!"

ಹುಟ್ಟಿದಾಗಿನಿಂದ ಅಕ್ಕನ ಹಿಂದೆ ನಡೆದವಳು ನಾನು. ಆ ಮಾತು ಕೇಳಿ ತಲೆ ಸ್ವಲ್ಪ ತಿರುಗಿತು. ಡಬ್ಲಿನ್‌ವರೆಗೂ ರೈಲಿನಲ್ಲಿ ಒಬ್ಬಳೇ ನಗುತ್ತ ಬಂದೆ.

ಲೈಸೆನ್ಸು ಇರುವ ನನ್ನ ಓದುಗರೇ, ನಿಮ್ಮ ನೆಂಟರು ಯಾವತ್ತಾದರೂ ನಿಮ್ಮ ಬಗ್ಗೆ ಹೀಗೆ ಹೇಳಿಕೊಂಡಿದ್ದಾರಾ?