ಆಷಾಢದ ಎರಡು ಬೆಟ್ಟ

ಸಂತೆಬಾಚಹಳ್ಳಿ ಪಕ್ಕದ ಕುಮಾರನಿಗೆ ಮೂವತ್ತಾರು ದಾಟಿತ್ತು. ಕೊಟ್ಟಿಗೆಯಲ್ಲಿ ಒಂಬತ್ತು ಹಸು, ಡೇರಿಯಲ್ಲಿ ಒಳ್ಳೆಯ ಹೆಸರು, ಊರಲ್ಲಿ ಮರ್ಯಾದೆ, ಎಲ್ಲವೂ ಇದ್ದವು. ಹೆಣ್ಣು ಮಾತ್ರ ಸಿಕ್ಕಿರಲಿಲ್ಲ. ಹೋದ ಕಡೆಯಲ್ಲೆಲ್ಲ ಉಪ್ಪಿಟ್ಟು ತಿಂದು, ಆಮೇಲೆ ತಿಳಿಸುತ್ತೇವೆ ಎನ್ನಿಸಿಕೊಂಡು ಬಂದಿದ್ದ. ಸಗಣಿ ಬಾಚುವ ಮನೆಗೆ ಮಗಳನ್ನು ಕೊಡಲು ಈಗ ಸಗಣಿ ಬಾಚುವವರೇ ಒಪ್ಪುವುದಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ ಎನ್ನುವವರಿಗೆ ದೊಡ್ಡ ನಮಸ್ಕಾರ. ನಿದ್ದೆ ಕೆಟ್ಟಿದ್ದು ಕುಮಾರನದು.

ಹಾಗಿರುವಾಗ ನಾಗಮಂಗಲದ ಕಡೆಯ ರಂಜಿತಳ ಮಾತು ಬಂತು. ಶ್ರೀರಂಗಪಟ್ಟಣದ ಲ್ಯಾಬೊಂದರಲ್ಲಿ ರಕ್ತಪರೀಕ್ಷೆಯ ಕೆಲಸ. ಶನಿವಾರ, ಭಾನುವಾರ ಬಂತೆಂದರೆ ಗೆಳತಿ ಅಪರ್ಣಳ ಜೊತೆ ಬೆಟ್ಟ ಹತ್ತುವ ಹುಚ್ಚು. ಆಷಾಢದಲ್ಲಿ ಹೆಣ್ಣು ನೋಡುವ ಶಾಸ್ತ್ರ ಕೂಡದೆಂದು ಹಿರಿಯರು ಶ್ರಾವಣಕ್ಕೆ ತಳ್ಳಿದರು. ರಂಜಿತಳೇ ಫೋನು ಮಾಡಿ, ಬೆಟ್ಟ ಹತ್ತುವುದಕ್ಕೆ ಆಷಾಢದ ಅಡ್ಡಿಯಿಲ್ಲವಲ್ಲ, ಶನಿವಾರ ಕರಿಘಟ್ಟ, ಭಾನುವಾರ ಕುಂತಿಬೆಟ್ಟ, ಬರುತ್ತೀರಾ ಎಂದಳು. ಬೆಟ್ಟ ನಮಗೇನು ಹೊಸದಾ ಎಂದುಬಿಟ್ಟ ಕುಮಾರ.

ಒಂಬತ್ತನೇ ವಯಸ್ಸಿನಲ್ಲಿ ಮೇಕೆಯ ಹಿಂದೆ ಹೋಗಿ, ಬಂಡೆಯಿಂದ ಜಾರಿ ಕೈ ಮುರಿದುಕೊಂಡವನು ಅವನು. ಅಂದಿನಿಂದ ಅಟ್ಟದ ಏಣಿ ಹತ್ತಲೂ ಹಿಂದೆ ಮುಂದೆ ನೋಡುತ್ತಿದ್ದ. ಅವನ ಅವ್ವ ಚಿಕ್ಕಬೋರಮ್ಮನಿಗೆ ಅದು ಗೊತ್ತು. ಎರಡು ದಿನ ಹಾಲು ತಾನೇ ಕರೆಯುತ್ತೇನೆಂದಳು. ಬೆಟ್ಟದ ಮಾತು ಮಾತ್ರ ಎತ್ತಲಿಲ್ಲ.

ಕರಿಘಟ್ಟದಲ್ಲಿ ಮೆಟ್ಟಿಲುಗಳಿದ್ದವು, ಮಾನ ಉಳಿಯಿತು. ಮೋಡ ಕವಿದು ಗಾಳಿ ತಣ್ಣಗಿದ್ದರೂ ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಮೇಲೆ ನಿಂತು ರಂಜಿತ ಹೊಳೆಯನ್ನು ತೋರಿಸಿದಳು. ಅವನು ತನ್ನ ಬೂಟನ್ನೇ ನೋಡುತ್ತಿದ್ದ. ಇಳಿಯುವಾಗ ಅವಳು ಹಸುಗಳ ಬಗ್ಗೆ ಒಂದೇ ಸಮನೆ ಕೇಳಿದಳು. ಹಾಯುತ್ತವೆಯೇ, ಒದೆಯುತ್ತವೆಯೇ, ಯಾವಾಗಲೂ ಕಟ್ಟಿಯೇ ಹಾಕಿರುತ್ತೀರಾ. ಕೊಟ್ಟಿಗೆ ಕೆಲಸಕ್ಕೆ ಹೇಸುತ್ತಿದ್ದಾಳೆ, ಇದೂ ಕೈಬಿಟ್ಟ ಹಾಗೆಯೇ ಎಂದುಕೊಂಡ.

ಆದರೂ ಭಾನುವಾರ ಬೆಳಿಗ್ಗೆ ಪಾಂಡವಪುರಕ್ಕೆ ಹೋದ. ಕುಂತಿಬೆಟ್ಟದಲ್ಲಿ ಸ್ವಲ್ಪ ದೂರ ಹತ್ತಿದ ಮೇಲೆ ಬರೀ ಬೋಳುಬಂಡೆ. ತುಂತುರು ಬಿದ್ದು ಕಲ್ಲು ಒದ್ದೆಯಾಗಿತ್ತು. ಅಪರ್ಣ ಮುಂದೆ ಹೋಗಿ ಮೋಡದಲ್ಲಿ ಮರೆಯಾದಳು. ಕುಮಾರ ಬಂಡೆಯ ನಡುವೆ ಕುಳಿತೇಬಿಟ್ಟ. ಮೇಲಕ್ಕೆ ಕಾಲು ಏಳಲಿಲ್ಲ, ಕೆಳಕ್ಕೆ ನೋಡಲು ಧೈರ್ಯವಿಲ್ಲ. ರಂಜಿತ ಅವನ ಪಕ್ಕಕ್ಕೆ ಬಂದು ನಿಂತಳು.

"ಸುಳ್ಳೇಳ್ಬುಟ್ಟೆ ಕಣ್ರೀ," ಎಂದ. "ಬೆಟ್ಟ ಅಂದ್ರೆ ನಂಗೆ ಜೀವ ಬಾಯಿಗೆ ಬತ್ತದೆ."

ಅವಳು ನಗಬಹುದಿತ್ತು. ಏನೂ ಆಗಲ್ಲ ಬನ್ನಿ ಎಂದು ಎಲ್ಲರ ಹಾಗೆ ಹೇಳಬಹುದಿತ್ತು. ಎರಡನ್ನೂ ಮಾಡದೆ, ಅವನಿಗಿಂತ ಒಂದು ಮೊಳ ಕೆಳಗೆ ಹೋಗಿ ತಾನೂ ಕುಳಿತಳು.

"ನಾನು ಮುಂದೆ ಇರ್ತೀನಿ. ನನ್ನ ಬೆನ್ನು ನೋಡ್ಕಂಡು ಜಾರ್ಕಂಡು ಬನ್ನಿ, ಸಾಕು."

ಹಾಗೆಯೇ ಕುಂಡಿ ಊರಿಕೊಂಡು ಇಬ್ಬರೂ ಇಳಿದರು. ಅರ್ಧ ಗಂಟೆ ಹಿಡಿಯಿತು. ಅವನ ಹೊಸ ಪ್ಯಾಂಟು ಹಿಂದೆ ಸವೆದು ತೂತಾಯಿತು. ಅಪರ್ಣ ಇಳಿದು ಬರುವ ತನಕ ಬೆಟ್ಟದ ಬುಡದ ಟೀ ಅಂಗಡಿಯಲ್ಲಿ ಕುಳಿತಾಗ, ಇದೂ ಹೋಯಿತು, ಅವ್ವನಿಗೆ ಏನು ಹೇಳುವುದೆಂದೇ ಅವನು ಯೋಚಿಸುತ್ತಿದ್ದ.

ರಂಜಿತ ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಕುಳಿತಿದ್ದವಳು ಕೊನೆಗೆ ಬಾಯಿ ಬಿಟ್ಟಳು.

"ನಾನೂ ಒಂದು ಹೇಳ್ಬೇಕು. ನಂಗೆ ಹಸು ಅಂದ್ರೆ ಎದ್ರಿಕೆ. ಹತ್ರ ಬಂದ್ರೆ ಕೈಕಾಲೇ ಆಡಲ್ಲ. ನಿಮ್ಮನೇಲಿ ಒಂಬತ್ತವೆ. ಅದನ್ನ ಹೇಳೋಕೇ ನಿಮ್ಮನ್ನ ಎರಡು ದಿನ ಕರೆದಿದ್ದು. ಬಾಯೇ ಬರ್ಲಿಲ್ಲ."

ಕುಮಾರನಿಗೆ ಬಂಡೆಯ ಮೇಲಿನದಕ್ಕಿಂತ ದೊಡ್ಡ ದಿಗಿಲು ಹತ್ತಿತು. ಹಸು ಬಿಟ್ಟರೆ ಅವನಿಗೆ ಬೇರೆ ಬದುಕಿರಲಿಲ್ಲ. ಅವು ಏನೂ ಮಾಡಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಂಡೆ ನೆನಪಾಗಿ ನುಂಗಿಕೊಂಡ.

"ಶ್ರಾವಣದಲ್ಲಿ ಮನೆ ನೋಡಾಕೆ ಬನ್ನಿ," ಎಂದ. "ಕೊಟ್ಟಿಗೇಲಿ ನಾನು ಮುಂದೆ ಇರ್ತೀನಿ."

ಅವಳು ಲೋಟ ಕೆಳಗಿಟ್ಟು, ಒಂಬತ್ತರಲ್ಲಿ ಎಲ್ಲಕ್ಕಿಂತ ಸಾಧು ಯಾವುದೆಂದು ಕೇಳಿದಳು.